ಎಲೆಯೂ ಅಲ್ಲಾಡದ ಚಳಿಯಲ್ಲಿ ಕರೆಂಟಿನ ಲೆಕ್ಕ

(ಗದಗಿನಲ್ಲಿ ಒಂದು ಜನವರಿ ಸಂಜೆ, ಕಾಲೇಜು ವಿದ್ಯಾರ್ಥಿಗಳು ಮತ್ತು ಊರಿನ ಹಿರಿಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಓಟವನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಸಭೆಯಲ್ಲಿ ಬಂದ ಪ್ರಶ್ನೆಗಳೂ ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಮಾತನ್ನು ಕಣದಿಂದ ಶುರು ಮಾಡುತ್ತೇನೆ. ಇಲ್ಲಿ ಕೂತಿರುವ ಹಿರಿಯರಿಗೆ ಕಣ ಅಂದರೇನು ಎಂದು ಹೇಳಬೇಕಾಗಿಲ್ಲ. ಹುಡುಗರಿಗಾಗಿ ಒಂದೆರಡು ಮಾತು. ನಾನು ಚಿಕ್ಕವನಿದ್ದಾಗ ನಮ್ಮ ಹೊಲದಲ್ಲಿ ಜೋಳದ ರಾಶಿ ನಡೆಯುತ್ತಿತ್ತು. ಹಂತಿ ಹೊಡೆದ ಮೇಲೆ ಕಾಳು, ಹೊಟ್ಟು ಎರಡೂ ಕೂಡಿಕೊಂಡು ಬಿದ್ದಿರುತ್ತವೆ. ಅದನ್ನು ತೂರಬೇಕು. ಮೂರು ಕಾಲಿನ ಎತ್ತರದ ಮಣೆಯ ಮೇಲೆ ಅಜ್ಜ ನಿಲ್ಲುತ್ತಿದ್ದರು. ಕೆಳಗಿನಿಂದ ಬುಟ್ಟಿ ತುಂಬಿ ಕೊಡುವುದು ನಮ್ಮ ಕೆಲಸ. ಗಾಳಿ ಇದ್ದರೆ ಹೊಟ್ಟು ಅತ್ತ ಹಾರಿ ಹೋಗುತ್ತದೆ, ಕಾಳು ನೆಟ್ಟಗೆ ಕೆಳಗೆ ಬೀಳುತ್ತದೆ. ಗಾಳಿ ಬಿದ್ದುಬಿಟ್ಟರೆ ಅಜ್ಜ ಮಣೆಯಿಂದ ಇಳಿದು ಬೇವಿನ ಮರದ ಕೆಳಗೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ನನಗೆ ಅವಸರ. ಇನ್ನೂ ಎಷ್ಟು ಹೊತ್ತು ಅಂತ ಪೀಡಿಸುತ್ತಿದ್ದೆ. ಅವರು ಹೇಳುತ್ತಿದ್ದದ್ದು ಒಂದೇ ಮಾತು: "ಗಾಳಿ ಬರಲಿ ಬಿಡೋ ತಮ್ಮಾ, ಜೋಳ ಎಲ್ಲಿ ಓಡಿ ಹೋಗತೈತಿ?"

ಜೋಳ ಓಡಿ ಹೋಗುವುದಿಲ್ಲ, ನಿಜ. ಗಾಳಿ ಬರುವ ತನಕ ಅದು ಕಾಯುತ್ತದೆ. ಕರೆಂಟು ಕಾಯುವುದಿಲ್ಲ. ನೀವು ಈಗ ಫ್ಯಾನಿನ ಸ್ವಿಚ್ ಹಾಕಿದರೆ, ಅದಕ್ಕೆ ಬೇಕಾದ ಕರೆಂಟು ಇದೇ ಗಳಿಗೆಯಲ್ಲಿ ಎಲ್ಲೋ ಹುಟ್ಟುತ್ತಿರಬೇಕು. ಹುಟ್ಟುವುದು ಮತ್ತು ಖರ್ಚಾಗುವುದು ಕ್ಷಣಕ್ಷಣವೂ ಸಮನಾಗಿದ್ದರೆ ಜಾಲದ ಆವರ್ತನ 50 ಹರ್ಟ್ಸ್‌ನಲ್ಲಿ ನಿಲ್ಲುತ್ತದೆ. ಖರ್ಚು ಜಾಸ್ತಿಯಾದರೆ ಅದು ಇಳಿಯುತ್ತದೆ, ಜಾಸ್ತಿ ಇಳಿದರೆ ಊರೂರುಗಳನ್ನೇ ಕಡಿದು ಹಾಕಬೇಕಾಗುತ್ತದೆ. ಹಾಗಾದರೆ ಗಾಳಿ ಬಿದ್ದ ದಿನ, ಅದೂ ಕೊರೆಯುವ ಚಳಿಯ ದಿನ, ಗಾಳಿಯನ್ನೇ ನಂಬಿದ ದೇಶ ಏನು ಮಾಡುತ್ತದೆ? ಇವತ್ತು ಹೇಳಬೇಕಾಗಿರುವುದು ಅದನ್ನೇ.

ನಾನು ಕೆಲವು ವರ್ಷ ಜರ್ಮನಿಯ ಲೈಪ್‌ಜಿಗ್‌ನಲ್ಲಿದ್ದೆ. ನಾಳೆ ಎಷ್ಟು ಕರೆಂಟು ಬೇಕಾಗುತ್ತದೆ, ಎಷ್ಟು ಬರುತ್ತದೆ ಎಂದು ಅಂದಾಜು ಹಾಕುವುದು ಕೆಲಸ. 2024ರ ಡಿಸೆಂಬರ್ ಎರಡನೇ ವಾರ. ಲೈಪ್‌ಜಿಗ್‌ನಿಂದ ಮಾಗ್ಡೆಬುರ್ಗ್‌ಗೆ ರೈಲಿನಲ್ಲಿ ಹೋಗುತ್ತಿದ್ದೆ. ಆ ದಾರಿಯುದ್ದಕ್ಕೂ ಬಯಲು, ಬಯಲಿನ ತುಂಬ ಗಾಳಿ ಫ್ಯಾನುಗಳು. ನಮ್ಮ ಕಪ್ಪತಗುಡ್ಡದ ಸಾಲುಗಳನ್ನು ನೋಡಿ ಬೆಳೆದವನಿಗೆ ಅವು ಕಂಡರೆ ಏನೋ ಊರಿನ ನೆನಪು. ಆವತ್ತು ಒಂದೂ ತಿರುಗುತ್ತಿರಲಿಲ್ಲ. ಮಂಜಿನಲ್ಲಿ ಕಂಬದ ಅರ್ಧ ಮಾತ್ರ ಕಾಣುತ್ತಿತ್ತು. ಹಳಿಯ ಪಕ್ಕದ ಹುಲ್ಲಿನ ಎಸಳು ಎಸಳಿಗೂ ಬಿಳಿ ಹಿಮದ ಪುಡಿ ಅಂಟಿತ್ತು, ಆದರೆ ಒಂದು ಎಸಳೂ ಅಲ್ಲಾಡುತ್ತಿರಲಿಲ್ಲ. ಮಧ್ಯಾಹ್ನ ಮೂರು ಗಂಟೆಗೇ ಬೋಗಿಯೊಳಗೆ ದೀಪ ಹಾಕಿದ್ದರು.

ಇಂಥ ದಿನಗಳಿಗೆ ಜರ್ಮನ್ನರ ಬಳಿ ಒಂದು ಪದವೇ ಇದೆ. ಡುಂಕೆಲ್‌ಫ್ಲೌಟೆ. ಡುಂಕೆಲ್ ಅಂದರೆ ಕತ್ತಲು. ಫ್ಲೌಟೆ ಎನ್ನುವುದು ಹಾಯಿ ಹಡಗಿನವರ ಮಾತು. ನಡು ಸಮುದ್ರದಲ್ಲಿ ಗಾಳಿ ಬಿದ್ದು ಹಾಯಿ ಜೋತು ಬಿದ್ದು ಹಡಗು ನಿಂತುಹೋಗುತ್ತದಲ್ಲ, ಆ ಸ್ಥಿತಿ. ಬಿಸಿಲೂ ಇಲ್ಲ, ಗಾಳಿಯೂ ಇಲ್ಲ.

ಇದು ಯಾಕೆ ಆಗುತ್ತದೆ? ನೀವೆಲ್ಲ ಕಣ್ಣಾರೆ ಕಂಡಿರುವ ಒಂದು ದೃಶ್ಯ ಹೇಳುತ್ತೇನೆ. ಮಾಗಿ ಚಳಿಯಲ್ಲಿ ಸಂಜೆ ಹೊಲದಿಂದ ಮನೆಗೆ ಬರುತ್ತಿರುತ್ತೀರಿ. ದೂರದಿಂದ ಊರು ಕಾಣುತ್ತದೆ. ಒಲೆಗಳ ಹೊಗೆ ನೆಟ್ಟಗೆ ಮೇಲೆ ಹೋಗಿ, ಒಂದು ಎತ್ತರಕ್ಕೆ ಬಂದ ಮೇಲೆ ಮುಂದೆ ಏರದೆ ಅಲ್ಲೇ ಕಂಬಳಿ ಹಾಸಿದ ಹಾಗೆ ಅಡ್ಡಡ್ಡ ಹರಡಿರುತ್ತದೆ. ಯಾಕೆ ಏರುವುದಿಲ್ಲ? ಚಳಿಗಾಲದ ತಿಳಿ ರಾತ್ರಿಯಲ್ಲಿ ನೆಲ ಬೇಗ ಆರುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ತಣ್ಣನೆ ಗಾಳಿ ಭಾರ, ಅದು ಕೆಳಗೇ ಕೂರುತ್ತದೆ. ಅದರ ಮೇಲೆ ಬೆಚ್ಚಗಿನ ಗಾಳಿಯ ಪದರ ಪಾತ್ರೆಗೆ ಮುಚ್ಚಳ ಮುಚ್ಚಿದ ಹಾಗೆ ಕೂತುಬಿಡುತ್ತದೆ. ಕೆಳಗಿನ ಗಾಳಿ ಮೇಲಿನದರೊಂದಿಗೆ ಬೆರೆಯುವುದಿಲ್ಲ. ಮಂಜು, ಹೊಗೆ, ತೇವ ಎಲ್ಲ ಆ ಮುಚ್ಚಳದ ಅಡಿಯಲ್ಲೇ ಸಿಕ್ಕಿಬೀಳುತ್ತವೆ.

ಮಧ್ಯ ಯೂರೋಪಿನಲ್ಲಿ ಇದೇ ಆಗುತ್ತದೆ, ಆದರೆ ಊರಿನ ಅಳತೆಯಲ್ಲಲ್ಲ. ಅಧಿಕ ಒತ್ತಡದ ದೊಡ್ಡ ಪ್ರದೇಶವೊಂದು ಬಂದು ಇಡೀ ದೇಶಗಳ ಮೇಲೆ ಕೂರುತ್ತದೆ. ಅದರ ನಡುಭಾಗದಲ್ಲಿ ಒತ್ತಡದ ವ್ಯತ್ಯಾಸವೇ ಕಡಿಮೆ. ವ್ಯತ್ಯಾಸ ಇಲ್ಲದಿದ್ದರೆ ಗಾಳಿ ಯಾಕೆ ಬೀಸುತ್ತದೆ? ಲೈಪ್‌ಜಿಗ್‌ನ ದಕ್ಷಿಣಕ್ಕೆ ಲಿಪ್ಪೆನ್‌ಡೋರ್ಫ್ ಎಂಬಲ್ಲಿ ಕಂದು ಕಲ್ಲಿದ್ದಲಿನ ದೊಡ್ಡ ಸ್ಥಾವರವಿದೆ. ಗಾಳಿ ಇದ್ದ ದಿನ ಅದರ ಕೂಲಿಂಗ್ ಟವರ್‌ಗಳ ಹಬೆ ಒಂದು ಕಡೆಗೆ ಬಾಲ ಬಿಟ್ಟುಕೊಂಡಿರುತ್ತದೆ. ಆ ವಾರ ಅದು ದೀಪಸ್ತಂಭದ ಹಾಗೆ ನೆಟ್ಟಗೆ ನಿಂತಿತ್ತು. ಬೆಳಿಗ್ಗೆ ಕಿಟಕಿಯಿಂದ ಆ ಹಬೆಯನ್ನು ನೋಡಿದರೆ ಸಾಕು, ಆವತ್ತಿನ ಗಾಳಿ ವಿದ್ಯುತ್ತಿನ ಹಣೆಬರಹ ಗೊತ್ತಾಗುತ್ತಿತ್ತು.

ಇಲ್ಲಿ ಒಂದು ಲೆಕ್ಕ ಗಮನವಿಟ್ಟು ಕೇಳಿ. ಗಾಳಿ ಅರ್ಧವಾದರೆ ಕರೆಂಟೂ ಅರ್ಧ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ಗಾಳಿಯಲ್ಲಿರುವ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರಿಳಿಯುತ್ತದೆ. ವೇಗ ಅರ್ಧವಾದರೆ ಶಕ್ತಿ ಎಂಟನೇ ಒಂದು ಭಾಗ. ಸೆಕೆಂಡಿಗೆ 12 ಮೀಟರ್ ಆಸುಪಾಸಿನ ಗಾಳಿಗೆ ಫ್ಯಾನು ತುಂಬು ಕೆಲಸ ಮಾಡುತ್ತದೆ. 6 ಮೀಟರ್‌ಗೆ ಬಂದರೆ ರೂಪಾಯಿಗೆ ಎರಡಾಣೆ. ಮೂರಕ್ಕೆ ಇಳಿದರೆ ಹೆಚ್ಚಿನ ಫ್ಯಾನುಗಳು ನಿಂತೇ ಹೋಗುತ್ತವೆ. ಹಾಗಾಗಿ ಗಾಳಿ ಸ್ವಲ್ಪ ಕಡಿಮೆಯಾದರೆ ಕರೆಂಟು ತುಂಬಾ ಕಡಿಮೆಯಾಗುತ್ತದೆ. ಜರ್ಮನಿಯಲ್ಲಿ ಆಗ ನೆಲದ ಮೇಲೆ, ಸಮುದ್ರದಲ್ಲಿ ಎರಡೂ ಸೇರಿ 70 ಗಿಗಾವಾಟ್‌ಗೂ ಜಾಸ್ತಿ ಗಾಳಿ ಸಾಮರ್ಥ್ಯ ಇತ್ತು. ಒಂದು ಗಿಗಾವಾಟ್ ಅಂದರೆ ಸಾವಿರ ಮೆಗಾವಾಟ್. ನವೆಂಬರ್ 6ರಂದು ಅಷ್ಟೂ ಸೇರಿ ಒಂದು ಗಿಗಾವಾಟ್ ಕೂಡ ಕೊಡದ ಹೊತ್ತು ಇತ್ತು. ಎಪ್ಪತ್ತು ಎತ್ತು ಕಟ್ಟಿದ್ದೀರಿ, ಒಂದೂ ನೊಗ ಎಳೆಯುತ್ತಿಲ್ಲ. ಹಾಗಾಯಿತು.

ಸೂರ್ಯ? ಗದಗಿನಲ್ಲಿ ಡಿಸೆಂಬರ್ ನಡುಹಗಲಲ್ಲೂ ಸೂರ್ಯ 50 ಡಿಗ್ರಿ ಎತ್ತರದಲ್ಲಿರುತ್ತಾನೆ. ಲೈಪ್‌ಜಿಗ್‌ನಲ್ಲಿ ನಡುಹಗಲಿಗೆ 15 ಡಿಗ್ರಿ. ಮರಗಳ ತುದಿಯ ಮೇಲೆ ಹಾಗೇ ತೆವಳಿಕೊಂಡು ಹೋಗಿ ನಾಲ್ಕು ಗಂಟೆಗೆ ಮುಳುಗುತ್ತಾನೆ. ಜೊತೆಗೆ ಮಂಜು. ಜರ್ಮನಿಯ ಸೋಲಾರ್ ಸಾಮರ್ಥ್ಯ ಆಗ ಹೆಚ್ಚುಕಡಿಮೆ 100 ಗಿಗಾವಾಟ್. ಸಂಜೆ ಐದು ಗಂಟೆಗೆ ಅದರ ಬೆಲೆ ಸೊನ್ನೆ. ಇಡೀ ಡಿಸೆಂಬರ್ ತಿಂಗಳು ಬರುವುದು ಜೂನ್‌ನಲ್ಲಿ ಬರುವುದರ ಆರನೇ ಒಂದು ಭಾಗಕ್ಕಿಂತಲೂ ಕಡಿಮೆ.

ಇಲ್ಲಿಯವರೆಗೆ ಹೇಳಿದ್ದು ಕಾಳಿನ ಕಡೆಯ ಮಾತು. ಈಗ ಉಣ್ಣುವ ಬಾಯಿಗಳ ಕಡೆ ನೋಡೋಣ.

ಮನೆಯೊಳಗೆ 20 ಡಿಗ್ರಿ ಇಟ್ಟುಕೊಳ್ಳಬೇಕು ಅಂದುಕೊಳ್ಳಿ. ಹೊರಗೆ 10 ಇದ್ದರೆ ವ್ಯತ್ಯಾಸ ಹತ್ತು. ಹೊರಗೆ ಸೊನ್ನೆಗೆ ಇಳಿದರೆ ವ್ಯತ್ಯಾಸ ಇಪ್ಪತ್ತು. ಗೋಡೆ ಕಿಟಕಿಗಳಿಂದ ಸೋರುವ ಶಾಖ ಎರಡು ಪಟ್ಟು. ಇದು ಎಲ್ಲರಿಗೂ ಹೊಳೆಯುವ ಮಾತು. ಹೊಳೆಯದ್ದು ಇನ್ನೊಂದಿದೆ. ಈಗ ಅಲ್ಲಿನ ಹೊಸ ಮನೆಗಳಿಗೆ ಹೀಟ್ ಪಂಪ್ ಬರುತ್ತಿದೆ. ನಮ್ಮ ಏಸಿಯನ್ನು ಹಿಂದುಮುಂದು ಮಾಡಿದ ಹಾಗೆ. ಹೊರಗಿನ ತಣ್ಣನೆ ಗಾಳಿಯಿಂದಲೇ ಶಾಖ ಹಿಂಡಿ ಒಳಗೆ ತರುತ್ತದೆ. ಹೊರಗೆ 10 ಡಿಗ್ರಿ ಇದ್ದರೆ ಒಂದು ಯೂನಿಟ್ ಕರೆಂಟಿಗೆ ಸುಮಾರು ನಾಲ್ಕು ಯೂನಿಟ್ ಶಾಖ ಕೊಡುತ್ತದೆ. ಬಹಳ ಒಳ್ಳೆಯ ಯಂತ್ರ. ಆದರೆ ಹೊರಗೆ ಸೊನ್ನೆಯಾದರೆ ಅದೇ ಯಂತ್ರ ಮೂರು ಯೂನಿಟ್ ಕೊಟ್ಟೀತು. ಈಗ ಎರಡನ್ನೂ ಕೂಡಿಸಿ. ಬೇಕಾದ ಶಾಖ ಎರಡು ಪಟ್ಟಾಯಿತು, ಯಂತ್ರದ ಕಸುವು ಕುಗ್ಗಿತು. ಕರೆಂಟಿನ ಖರ್ಚು ಎರಡೂವರೆ ಪಟ್ಟು ದಾಟಿತು.

ನನ್ನ ಬಾಡಿಗೆ ಮನೆಯ ಹಿಂದೆ ಅಂಥದ್ದೊಂದು ಪೆಟ್ಟಿಗೆ ಇತ್ತು. ಮಂಜಿನ ದಿನ ಅದರ ಜಾಲರಿಗೆ ಬಿಳಿ ಹಿಮ ಕಟ್ಟಿಕೊಳ್ಳುತ್ತಿತ್ತು, ಹಳೆಯ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟುತ್ತದಲ್ಲ, ಹಾಗೆ. ಆಗ ಯಂತ್ರ ತಾನೇ ನಿಂತು, ಉಲ್ಟಾ ತಿರುಗಿ, ಮನೆಯ ಶಾಖವನ್ನೇ ಕೊಂಚ ಹೊರಗೆ ಕಳಿಸಿ ಆ ಹಿಮ ಕರಗಿಸಿಕೊಳ್ಳುತ್ತಿತ್ತು. ಬುಸ್ ಅಂತ ಹಬೆ ಏಳುತ್ತಿತ್ತು. ಬುಡದಲ್ಲಿ ನೀರು ತೊಟ್ಟಿಕ್ಕಿ ಮತ್ತೆ ಗಡ್ಡೆ ಕಟ್ಟುತ್ತಿತ್ತು. ಅಡುಗೆ ಮನೆಯ ಕಿಟಕಿಯಲ್ಲಿ ನಿಂತು ಎಷ್ಟೋ ಸಲ ನೋಡಿದ್ದೇನೆ.

ಜರ್ಮನಿಯಲ್ಲಿ ಬಹುಪಾಲು ಮನೆಗಳು ಇನ್ನೂ ಗ್ಯಾಸ್ ಅಥವಾ ಎಣ್ಣೆಯಿಂದಲೇ ಬೆಚ್ಚಗಾಗುತ್ತವೆ. ಚಳಿ ಕರೆಂಟನ್ನು ಎಷ್ಟರ ಮಟ್ಟಿಗೆ ಎಳೆಯಬಹುದು ಎಂದು ನೋಡಬೇಕಾದರೆ ಫ್ರಾನ್ಸ್ ನೋಡಬೇಕು. ಅಣುಸ್ಥಾವರಗಳು ಸಾಲಾಗಿ ಎದ್ದ ಕಾಲದಲ್ಲಿ ಅಲ್ಲಿ ಮನೆಮನೆಗೂ ಕರೆಂಟಿನ ಹೀಟರ್ ಬಂತು. ಅಲ್ಲಿ ಚಳಿಗಾಲದ ಸಂಜೆ ಉಷ್ಣಾಂಶ ಒಂದೇ ಒಂದು ಡಿಗ್ರಿ ಇಳಿದರೆ ಸುಮಾರು 2,400 ಮೆಗಾವಾಟ್ ಬೇಡಿಕೆ ಏರುತ್ತದೆ. ನಮ್ಮ ರಾಯಚೂರು ಶಾಖೋತ್ಪನ್ನ ಕೇಂದ್ರದ ಎಲ್ಲ ಘಟಕ ಸೇರಿದರೂ 1,720 ಮೆಗಾವಾಟ್. ಅಂದರೆ ಒಂದು ಡಿಗ್ರಿಗೆ ಒಂದು ರಾಯಚೂರು ಸಾಲದು! 2012ರ ಫೆಬ್ರವರಿ 8ರ ಸಂಜೆ ಏಳು ಗಂಟೆಗೆ ಫ್ರಾನ್ಸಿನ ಬೇಡಿಕೆ 102 ಗಿಗಾವಾಟ್ ಮುಟ್ಟಿತು. ಆವತ್ತು ಯೂರೋಪನ್ನೇ ಕಟ್ಟಿ ಹಾಕಿದ ಚಳಿ.

ಈಗ ನಾನು ಹೇಳಬೇಕೆಂದಿರುವ ಮುಖ್ಯ ಮಾತು. ಬೇಡಿಕೆ ಏರಿಸಿದ್ದೂ, ಪೂರೈಕೆ ಇಳಿಸಿದ್ದೂ ಒಂದೇ ಆಕಾಶ. ಇವು ಎರಡು ಬೇರೆ ಬೇರೆ ದುರಾದೃಷ್ಟಗಳಲ್ಲ. ಒಂದು ಅಪಘಾತ ಇಲ್ಲಿ, ಇನ್ನೊಂದು ಅಲ್ಲಿ ಆದರೆ ಹೇಗೋ ಸಂಭಾಳಿಸಬಹುದು. ಇಲ್ಲಿ ಹಾಗಲ್ಲ. ಚಳಿ ತಂದ ಅದೇ ಹವಾಮಾನವೇ ಗಾಳಿಯನ್ನೂ ಬೀಳಿಸುತ್ತದೆ, ಬಿಸಿಲಿಗೂ ಮಂಜಿನ ಪರದೆ ಹಾಕುತ್ತದೆ. ಹಾಗಾಗಿ ವರ್ಷದ ಲೆಕ್ಕ ನೋಡಿ ಸಮಾಧಾನ ಮಾಡಿಕೊಳ್ಳುವಂತಿಲ್ಲ. ವರ್ಷದ ಲೆಕ್ಕವೇ ಬೇರೆ, ಆ ಐದಾರು ದಿನದ ಲೆಕ್ಕವೇ ಬೇರೆ.

2024ರ ಡಿಸೆಂಬರ್ 12, ಗುರುವಾರ. ಆಗ ಯೂರೋಪಿನಲ್ಲಿ ಮರುದಿನದ ಒಂದೊಂದು ಗಂಟೆಯ ಕರೆಂಟೂ ಹಿಂದಿನ ದಿನವೇ ಹರಾಜಾಗುತ್ತಿತ್ತು. ಅಗ್ಗವಾಗಿ ಕೊಡುವವರು ಮೊದಲು, ದುಬಾರಿಯವರು ಕೊನೆಗೆ. ಬೇಡಿಕೆ ತುಂಬಲು ಕಟ್ಟಕಡೆಗೆ ಕರೆದ ಸ್ಥಾವರ ಏನು ಬೆಲೆ ಹೇಳುತ್ತದೋ ಎಲ್ಲರಿಗೂ ಅದೇ ಬೆಲೆ. ಗಾಳಿ, ಬಿಸಿಲು ಇದ್ದ ದಿನ ಆ ಕೊನೆಯವನ ತನಕ ಹೋಗುವ ಅಗತ್ಯವೇ ಬೀಳುವುದಿಲ್ಲ. ಆವತ್ತು ಹೋಗಬೇಕಾಯಿತು. ಸಂಜೆ ಐದರಿಂದ ಆರರ ಗಂಟೆಗೆ ಸಾವಿರ ಯೂನಿಟ್‌ಗೆ 936 ಯೂರೋ. ಆಗಿನ ಲೆಕ್ಕದಲ್ಲಿ ಯೂನಿಟ್‌ಗೆ ಸುಮಾರು 83 ರೂಪಾಯಿ. ಆ ಇಡೀ ವರ್ಷದ ಸರಾಸರಿ 80 ಯೂರೋದ ಆಸುಪಾಸು, ಅಂದರೆ ಯೂನಿಟ್‌ಗೆ ಏಳು ರೂಪಾಯಿ. ನವೆಂಬರ್ 6ರಂದೂ ಇದೇ ಸಂಜೆಯ ಹೊತ್ತಿಗೆ 820 ಮುಟ್ಟಿತ್ತು. ಐದು ಗಂಟೆಯೇ ಯಾಕೆ? ಕತ್ತಲಾಗಿದೆ, ಕಾರ್ಖಾನೆ ಅಂಗಡಿಗಳು ಇನ್ನೂ ಮುಚ್ಚಿಲ್ಲ, ಮನೆಗೆ ಬಂದವರು ದೀಪ ಹಾಕಿ ಒಲೆ ಹಚ್ಚುತ್ತಿದ್ದಾರೆ. ಎಲ್ಲವೂ ಒಂದೇ ಹೊತ್ತಿಗೆ.

ದೀಪ ಆರಲಿಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಹೆಚ್ಚಿನ ಮನೆಗಳ ದರ ಮುಂಚೆಯೇ ನಿಗದಿಯಾಗಿರುತ್ತದೆ, ಅವರಿಗೆ ಆವತ್ತು ಏನೂ ಗೊತ್ತಾಗಲಿಲ್ಲ. ಹರಾಜಿನಿಂದ ನೇರ ಕೊಳ್ಳುವ ಕಾರ್ಖಾನೆಗಳಿಗೆ ಗೊತ್ತಾಯಿತು. ನಾನಿದ್ದ ಸ್ಯಾಕ್ಸನಿಯಲ್ಲೇ ಒಂದು ಉಕ್ಕಿನ ಕಾರ್ಖಾನೆ ಕೆಲಸ ನಿಲ್ಲಿಸಿತು. ಕೆಲವು ಕಂಪನಿಗಳು ಬೇಕೆಂದೇ ಸ್ಥಾವರ ಓಡಿಸಲಿಲ್ಲವೇ ಎಂಬ ಅನುಮಾನ ಎದ್ದು, ಸ್ಪರ್ಧಾ ಪ್ರಾಧಿಕಾರ ಅದನ್ನು ಪರಿಶೀಲಿಸಿತು.

ಕಮ್ಮಿ ಬಿದ್ದರೆ ಪಕ್ಕದ ಮನೆಯಿಂದ ಕಡ ತರುವುದು ನಮ್ಮ ಪದ್ಧತಿ. ಜರ್ಮನಿಯೂ ತಂದಿತು. ಆದರೆ ಅಧಿಕ ಒತ್ತಡ ಪಕ್ಕದ ಮನೆಯ ಮೇಲೂ ಕೂತಿರುತ್ತದೆ. ಡೆನ್ಮಾರ್ಕ್, ನೆದರ್ಲೆಂಡ್ಸ್, ಪೋಲೆಂಡ್ ಕಡೆಯೂ ಗಾಳಿ ಇಲ್ಲ. ಉಳಿದದ್ದು ಉತ್ತರದ ನಾರ್ವೆ, ಸ್ವೀಡನ್. ನಾರ್ವೆಯಲ್ಲಿ ಬೆಟ್ಟದ ಜಲಾಶಯಗಳಿವೆ, ನಮ್ಮ ಲಿಂಗನಮಕ್ಕಿಯ ಹಾಗೆ, ತುಂಬಾ ಇವೆ. ಸಮುದ್ರದಡಿಯ ಕೇಬಲ್ಲಿನಲ್ಲಿ ಕರೆಂಟು ದಕ್ಷಿಣಕ್ಕೆ ಹರಿಯಿತು. ಅದರ ಜೊತೆಗೆ ಜರ್ಮನಿಯ ಬೆಲೆ ಉತ್ತರಕ್ಕೆ ಹರಿಯಿತು. ನಾರ್ವೆಯ ಮನೆಗಳು ಬೆಚ್ಚಗಾಗುವುದೇ ಕರೆಂಟಿನಿಂದ. ತಮ್ಮ ಬೆಟ್ಟದ ನೀರು, ತಮ್ಮ ಕರೆಂಟು, ಅದಕ್ಕೆ ಯಾರದೋ ಬೆಲೆ ಯಾಕೆ ಕೊಡಬೇಕು ಎಂದು ಅಲ್ಲಿನ ಜನ ಕೇಳಿದರು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಸ್ವೀಡನ್ನಿನ ಇಂಧನ ಸಚಿವೆ ಎಬ್ಬಾ ಬುಶ್ ಜರ್ಮನಿಯ ಮೇಲೆ ಬಹಿರಂಗವಾಗಿಯೇ ಹರಿಹಾಯ್ದರು. ಅದಕ್ಕೂ ಮುಂಚೆ, 2024ರ ಜೂನ್‌ನಲ್ಲೇ, ಜರ್ಮನಿಗೆ ಇನ್ನೊಂದು ಕೇಬಲ್ ಹಾಕುವ ಯೋಜನೆಯನ್ನು ಸ್ವೀಡನ್ ತಳ್ಳಿಹಾಕಿತ್ತು. 2025ರ ಜನವರಿ ಕೊನೆಗೆ ನಾರ್ವೆಯ ಸಮ್ಮಿಶ್ರ ಸರ್ಕಾರದಿಂದ ಒಂದು ಪಕ್ಷ ಹೊರನಡೆಯಿತು, ಐರೋಪ್ಯ ಒಕ್ಕೂಟದ ಇಂಧನ ನಿಯಮಗಳ ಜಗಳದಲ್ಲಿ. ಕಾವೇರಿ, ಮಹದಾಯಿ ನೋಡಿದ ನಮಗೆ ಇದು ಹೊಸದಲ್ಲ ಅಲ್ವಾ? ಹಂಚಿಕೊಂಡು ಬಾಳುವ ಮಾತು ತುಂಬಿದ ಕಾಲದಲ್ಲಿ ಸುಲಭ.

ಬ್ರಿಟನ್ನಿನ ಕಥೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಜಗತ್ತಿಗೆ ಕಲ್ಲಿದ್ದಲ ಕರೆಂಟು ತೋರಿಸಿದ ದೇಶ. 1882ರಲ್ಲಿ ಲಂಡನ್ನಿನಲ್ಲಿ ಮೊದಲ ಸ್ಥಾವರ, 2024ರ ಸೆಪ್ಟೆಂಬರ್ 30ಕ್ಕೆ ಕೊನೆಯದನ್ನು ಮುಚ್ಚಿದರು. ಮುಚ್ಚಿದ ನಂತರದ ಮೊದಲ ಚಳಿಗಾಲದಲ್ಲೇ, 2025ರ ಜನವರಿ 8ರಂದು, ಚಳಿ ಜೋರು, ಗಾಳಿ ಇಲ್ಲ. ಸಂಜೆಗೆ ಸಾಕಷ್ಟು ಮೀಸಲು ಉಳಿಯುವುದಿಲ್ಲ ಎಂದು ಜಾಲ ನಡೆಸುವವರು ಹಿಂದಿನ ದಿನವೇ ಎಚ್ಚರಿಕೆ ಕೊಟ್ಟರು. ಕೊನೆ ಗಳಿಗೆಯಲ್ಲಿ ಒಂದು ಗ್ಯಾಸ್ ಸ್ಥಾವರಕ್ಕೆ ಸಾವಿರ ಯೂನಿಟ್‌ಗೆ 5,000 ಪೌಂಡ್‌ನಷ್ಟು ಕೊಟ್ಟು ಓಡಿಸಬೇಕಾಯಿತು. ಯೂನಿಟ್‌ಗೆ ಐನೂರು ರೂಪಾಯಿಗೂ ಮಿಗಿಲು! ಸಂಜೆ ದಾಟಿತು, ದೀಪ ಆರಲಿಲ್ಲ.

ಇಂಥ ದಿನಗಳು ಎಷ್ಟು ಸಲ ಬರುತ್ತವೆ? ಜರ್ಮನಿಯ ಹವಾಮಾನ ಇಲಾಖೆ 2018ರಲ್ಲಿ ಒಂದು ಲೆಕ್ಕ ಕೊಟ್ಟಿತು. ಎರಡು ಇಡೀ ದಿನ, ಅಂದರೆ 48 ಗಂಟೆ, ಸರಾಸರಿ ಉತ್ಪಾದನೆ ಸಾಮರ್ಥ್ಯದ ನೂರಕ್ಕೆ ಹತ್ತಕ್ಕಿಂತ ಕಡಿಮೆ ಇರುವುದನ್ನು ಎಣಿಸಿದರು. ನೆಲದ ಮೇಲಿನ ಗಾಳಿ ಫ್ಯಾನುಗಳನ್ನಷ್ಟೇ ತೆಗೆದುಕೊಂಡರೆ ವರ್ಷಕ್ಕೆ 23 ಸಲ. ಸಮುದ್ರದ ಫ್ಯಾನು ಸೇರಿಸಿದರೆ 13. ಬಿಸಿಲೂ ಸೇರಿದರೆ 2. ಇಡೀ ಯೂರೋಪನ್ನು ಒಂದೇ ಜಾಲ ಎಂದುಕೊಂಡರೆ 0.2, ಅಂದರೆ ಐದು ವರ್ಷಕ್ಕೊಮ್ಮೆ. ನನಗೆ ಈ ನಾಲ್ಕು ಅಂಕಿ ತುಂಬಾ ಇಷ್ಟ. ಒಂದೇ ಬೆಳೆ ನಂಬಿದವನಿಗೂ ನಾಲ್ಕು ಬಗೆ ಬಿತ್ತಿದವನಿಗೂ ಇರುವ ವ್ಯತ್ಯಾಸ ಅಲ್ಲಿ ಕಾಣುತ್ತದೆ. ಆದರೆ ಎರಡು ಸಲ ಎಂದರೂ ಬರುತ್ತದೆ, ಮತ್ತು ಬಂದಾಗ ಎರಡೇ ದಿನಕ್ಕೆ ಹೋಗಬೇಕೆಂದಿಲ್ಲ. 2017ರ ಜನವರಿಯ ಎರಡನೇ ಭಾಗದಲ್ಲಿ ಅದು ಹತ್ತಿರ ಹತ್ತಿರ ಹತ್ತು ದಿನ ಬೀಡು ಬಿಟ್ಟಿತ್ತು.

ಆಗ ಕೂಡಿಟ್ಟದ್ದನ್ನು ತೆಗೆಯಬೇಕು. ಕೂಡಿಟ್ಟದ್ದು ಎಷ್ಟಿದೆ? ಜರ್ಮನಿಯಲ್ಲಿ ಗುಡ್ಡದ ಮೇಲಿನ ಕೆರೆಗೆ ನೀರು ಎತ್ತಿ, ಬೇಕಾದಾಗ ಕೆಳಗೆ ಬಿಟ್ಟು ಕರೆಂಟು ಮಾಡುವ ಕೇಂದ್ರಗಳಿವೆ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಥುರಿಂಗಿಯಾದ ಗೋಲ್ಡಿಸ್ತಾಲ್, 1,060 ಮೆಗಾವಾಟ್. ಮೇಲಿನ ಕೆರೆ ತುಂಬಿದ್ದರೆ ಎಂಟು ಗಂಟೆ ಓಡುತ್ತದೆ. ಇಂಥ ಎಲ್ಲ ಕೇಂದ್ರ ಸೇರಿದರೆ ಸುಮಾರು 40 ಗಿಗಾವಾಟ್ ಗಂಟೆ, ಅಂದರೆ ನಾಲ್ಕು ಕೋಟಿ ಯೂನಿಟ್. ಕೇಳಲು ದೊಡ್ಡದು. ಇಡೀ ದೇಶ ಗಂಟೆಗೆ ಸುಮಾರು ಆರು ಕೋಟಿ ಯೂನಿಟ್ ಉಣ್ಣುತ್ತದೆ. ಭಾಗಿಸಿ ನೋಡಿ. ನಲವತ್ತು ನಿಮಿಷ. ಐದು ದಿನದ ಗಾಳಿ ಇಲ್ಲದ ಚಳಿಗೆ ನಲವತ್ತು ನಿಮಿಷದ ಬುತ್ತಿ.

ಬ್ಯಾಟರಿಯೂ ಹಾಗೇ. ನಿಮ್ಮ ಮನೆಯ ಯುಪಿಎಸ್ ಮೂರು ಗಂಟೆ ಲೈಟು ಫ್ಯಾನು ನಡೆಸುತ್ತದೆ. ಮೂರು ಗಂಟೆ ಹೋದರೆ ದೇವರಂಥದ್ದು, ಮೂರು ದಿನ ಹೋದರೆ ಸುಮ್ನೆ ಮೂಲೆಯಲ್ಲಿ ಕೂತ ಡಬ್ಬ.

ಹಾಗಾದರೆ ನಿಜವಾದ ಸಂಗ್ರಹ ಎಲ್ಲಿದೆ? ಇಲ್ಲಿ ನಮ್ಮ ಹಗೇವು ನೆನಪು ಮಾಡಿಕೊಳ್ಳಿ. ನೆಲದಡಿ ಆಳದ ಗುಂಡಿ ತೋಡಿ, ಒಳಗೆ ಹುಲ್ಲು ಹಾಸಿ, ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದೆವು. ಬರಗಾಲಕ್ಕೆ ಬಿಚ್ಚುತ್ತಿದ್ದೆವು. ದಿನಬಳಕೆಗೆ ಅಡುಗೆ ಮನೆಯಲ್ಲಿ ಗಡಿಗೆ, ಬರಕ್ಕೆ ಹಗೇವು. ಜರ್ಮನಿಯಲ್ಲಿ ನೆಲದಡಿಯ ಉಪ್ಪಿನ ಪದರವನ್ನು ನೀರಿನಿಂದ ಕರಗಿಸಿ ದೊಡ್ಡ ದೊಡ್ಡ ಗುಹೆ ಮಾಡಿದ್ದಾರೆ. ಅದರಲ್ಲಿ ಬೇಸಿಗೆಯಲ್ಲಿ ಗ್ಯಾಸ್ ತುಂಬುತ್ತಾರೆ. ಹಳೆಯ ಗ್ಯಾಸ್ ನಿಕ್ಷೇಪಗಳೂ ಸೇರಿ ಎಲ್ಲ ತುಂಬಿದರೆ ಸುಮಾರು 250 ಟೆರಾವಾಟ್ ಗಂಟೆ, ಅಂದರೆ ಎರಡೂವರೆ ಲಕ್ಷ ಗಿಗಾವಾಟ್ ಗಂಟೆ. ಕೆರೆಗಳಲ್ಲಿದ್ದ 40 ಗಿಗಾವಾಟ್ ಗಂಟೆಯ ಆರು ಸಾವಿರ ಪಟ್ಟು. ಕರೆಂಟು ಮಾಡುವಾಗ ಅರ್ಧ ಶಾಖವಾಗಿ ಹೋದರೂ ದೇಶಕ್ಕೆ ತಿಂಗಳುಗಟ್ಟಲೆ ಸಾಕಾಗುವಷ್ಟು. ಆದರೆ ಅದೇ ಗ್ಯಾಸ್ ಮನೆಗಳನ್ನೂ ಬೆಚ್ಚಗಿಡಬೇಕು. ಅದೇ ಚಳಿಯ ದಿನ, ಅದೇ ಸಂಜೆ. 2024ರ ನವೆಂಬರ್ ಶುರುವಿಗೆ ಹೆಚ್ಚುಕಡಿಮೆ ತುಂಬಿದ್ದ ಆ ಹಗೇವು ಮಾರ್ಚ್ ಕೊನೆಗೆ ಮೂರನೇ ಒಂದಕ್ಕಿಂತ ಕೆಳಗೆ ಬಂದಿತ್ತು. ಮುಂದೆ ಅದೇ ಗುಹೆಗಳಲ್ಲಿ ಹೈಡ್ರೋಜನ್ ತುಂಬುವ ಆಸೆ ಇದೆ. ಜಾಸ್ತಿ ಗಾಳಿ ಬೀಸಿದ ದಿನದ ಕರೆಂಟಿನಿಂದ ನೀರನ್ನು ಒಡೆದು ಹೈಡ್ರೋಜನ್ ಮಾಡಿ, ಗಾಳಿ ಬಿದ್ದ ದಿನ ಉರಿಸುವುದು. ದಾರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಸೋರಿಹೋಗುತ್ತದೆ. ಆದರೂ ವರ್ಷಕ್ಕೆ ಹತ್ತು ದಿನಕ್ಕಾದರೆ ಆ ಸೋರಿಕೆ ತಡೆದುಕೊಳ್ಳಬಹುದು ಎನ್ನುವುದು ನನ್ನ ಅಭಿಪ್ರಾಯ.

ಆ ಹತ್ತು ದಿನಕ್ಕಾಗಿ ಉಳಿದ ದಿನವೆಲ್ಲ ಸುಮ್ಮನೆ ನಿಲ್ಲುವ ಸ್ಥಾವರ ಇರಬೇಕು. ಊರ ದೇವಸ್ಥಾನದ ದೊಡ್ಡ ಕೊಪ್ಪರಿಗೆಯ ಹಾಗೆ. ಜಾತ್ರೆಯ ದಿನಕ್ಕೆ ಮಾತ್ರ, ಆದರೆ ಕಲಾಯಿ ಪ್ರತಿ ವರ್ಷ ಹಾಕಿಸಲೇಬೇಕು. ಕಲಾಯಿ ಖರ್ಚು ಯಾರು ಕೊಡಬೇಕು? ಬ್ರಿಟನ್ 2014ರಿಂದಲೇ ಇದಕ್ಕೆಂದು ಬೇರೆ ಹರಾಜು ನಡೆಸುತ್ತಿದೆ. ಓಡಿದರೂ ಓಡದಿದ್ದರೂ, ಕರೆದಾಗ ಬರುತ್ತೇನೆ ಎಂದು ಒಪ್ಪಿದ ಸ್ಥಾವರಕ್ಕೆ ಹಣ. ಇದು ದುಂದುವೆಚ್ಚ ಎನ್ನುವವರಿದ್ದಾರೆ. ಗಾಳಿ ವಿದ್ಯುತ್ತಿನ ನಿಜವಾದ ಬೆಲೆಯಲ್ಲಿ ಈ ಕಲಾಯಿ ಖರ್ಚನ್ನೂ ಎಣಿಸಬೇಕು ಎಂದು ನಾನು ಹೇಳುತ್ತೇನೆ. ಎಣಿಸದೆ ಅಗ್ಗ ಅನ್ನುವುದು ಜನರಿಗೆ ಅರ್ಧ ಸತ್ಯ ಹೇಳಿದ ಹಾಗೆ.

ನನಗೆ ಎಲ್ಲಕ್ಕಿಂತ ಹಿಡಿಸಿದ ಉಪಾಯ ಹಂಡೆ. ಬರ್ಲಿನ್ನಿನಲ್ಲಿ 45 ಮೀಟರ್ ಎತ್ತರದ ಹಂಡೆ ಕಟ್ಟಿದ್ದಾರೆ. ಹಂಡೆಯೇ, ಬೇರೆ ಹೆಸರು ಬೇಡ. 5.6 ಕೋಟಿ ಲೀಟರ್ ನೀರು ಹಿಡಿಯುತ್ತದೆ. ಕರೆಂಟು ಅಗ್ಗವಿದ್ದಾಗ ನೀರನ್ನು ಕುದಿಯುವಷ್ಟರ ಹತ್ತಿರಕ್ಕೆ ಕಾಯಿಸಿ, ಕೊಳವೆಗಳ ಮೂಲಕ ಮನೆಗಳಿಗೆ ಶಾಖ ಕೊಡುತ್ತಾರೆ. ಕರೆಂಟನ್ನು ಕರೆಂಟಾಗಿಯೇ ಕೂಡಿಡಬೇಕೆಂದು ಯಾರು ಹೇಳಿದರು? ಕೊನೆಗೆ ಬೇಕಾದದ್ದು ಬೆಚ್ಚಗಿರುವುದು ತಾನೇ. ನಮ್ಮ ಅಜ್ಜಿಯ ಬಚ್ಚಲ ಒಲೆ ಮುಂಜಾನೆ ಉರಿದು ಆರಿದರೂ ಹಂಡೆಯ ನೀರು ಮಧ್ಯಾಹ್ನದವರೆಗೆ ಬಿಸಿ ಇರುತ್ತಿತ್ತು. ಹಾಗೇ ಗೋಡೆ ದಪ್ಪ ಮಾಡಿ, ಕಿಟಕಿಗೆ ಎರಡು ಮೂರು ಪದರದ ಗಾಜು ಹಾಕಿದರೆ ಆ ಐದು ದಿನದ ಹಸಿವೇ ಕಡಿಮೆಯಾಗುತ್ತದೆ. ಕಟ್ಟುವ ಸ್ಥಾವರಕ್ಕಿಂತ ಕಟ್ಟದೆ ಉಳಿದ ಸ್ಥಾವರ ಮೇಲು.

ನಮ್ಮ ಮಾತಿಗೆ ಬರೋಣ. ಕರ್ನಾಟಕದಲ್ಲಿ ಚಳಿಗೆ ಹೀಟರ್ ಹಾಕುವವರು ಕಡಿಮೆ. ನಮ್ಮ ಬೇಡಿಕೆ ಏರುವುದು ಫೆಬ್ರವರಿಯಿಂದ ಏಪ್ರಿಲ್ ತನಕ, ಪಂಪ್‌ಸೆಟ್ಟು ಮತ್ತು ಸೆಕೆಯಿಂದ. ನಮ್ಮ ಗಾಳಿ ಜೋರಾಗಿ ಬೀಸುವುದು ಜೂನ್‌ನಿಂದ ಸೆಪ್ಟೆಂಬರ್. ಆದರೆ "ಒಂದೇ ಆಕಾಶ" ಎಂಬ ಮಾತು ನಮಗೂ ತಪ್ಪಿದ್ದಲ್ಲ. 2023 ನೆನಪಿದೆಯಲ್ಲ? ಮಳೆ ಕೈಕೊಟ್ಟಿತು. 200ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದರು. ಮಳೆ ಇಲ್ಲದ್ದರಿಂದ ಬೆಳೆ ಉಳಿಸಲು ಎಲ್ಲರೂ ಬೋರ್ ಓಡಿಸಿದರು, ಬೇಡಿಕೆ ಏರಿತು. ಅದೇ ಮಳೆ ಇಲ್ಲದ್ದರಿಂದ ಜಲಾಶಯಗಳಲ್ಲಿ ನೀರಿಲ್ಲ, ಶರಾವತಿಯ ಕರೆಂಟು ಹಿಡಿದು ಹಿಡಿದು ಬಳಸಬೇಕಾಯಿತು. ಅಕ್ಟೋಬರ್‌ನಲ್ಲಿ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಕಲಮು ಹಿಡಿದು, ರಾಜ್ಯದ ಖಾಸಗಿ ಉತ್ಪಾದಕರು ಇಲ್ಲಿಗೇ ಕೊಡಬೇಕೆಂದು ಆದೇಶಿಸಿತು. ಅಲ್ಲಿ ಮಂಜು, ಇಲ್ಲಿ ಬರ. ಏಟು ಒಂದೇ ರೀತಿಯದು.

ಚಳಿಯದೇ ಉದಾಹರಣೆ ಬೇಕೆಂದರೆ ಕಾಶ್ಮೀರವಿದೆ. ಡಿಸೆಂಬರ್ 21ರಿಂದ ನಲವತ್ತು ದಿನ ಅಲ್ಲಿ ಚಿಲ್ಲೈ ಕಲಾನ್, ಕಡು ಚಳಿಯ ಕಾಲ. ಹೀಟರು, ಗೀಸರು ಎಲ್ಲ ಒಟ್ಟಿಗೆ. ಅದೇ ಹೊತ್ತಿಗೆ ಝೇಲಂ, ಚಿನಾಬ್ ನದಿಗಳ ಹರಿವು ಕುಗ್ಗುತ್ತದೆ, ಮೇಲಿನ ನೀರೆಲ್ಲ ಹಿಮವಾಗಿ ಕೂತಿರುತ್ತದೆ. ಜಲವಿದ್ಯುತ್ತನ್ನೇ ನಂಬಿದ ಕಣಿವೆಗೆ ಬೇಕಾದಾಗಲೇ ನೀರಿಲ್ಲ.

ಮಾತು ಮುಗಿಸಿದ ಮೇಲೆ ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಸರ್, ಜರ್ಮನಿಯವರು ಅಣುಸ್ಥಾವರ ಮುಚ್ಚದೇ ಇದ್ದಿದ್ದರೆ ಹೀಗೆ ಆಗುತ್ತಿತ್ತಾ?" ಕೊನೆಯ ಮೂರನ್ನು 2023ರ ಏಪ್ರಿಲ್ 15ಕ್ಕೆ ಮುಚ್ಚಿದರು. ಮೂರೂ ಸೇರಿ ನಾಲ್ಕು ಗಿಗಾವಾಟ್ ಚಿಲ್ಲರೆ. ಅವು ಇದ್ದಿದ್ದರೆ ಡಿಸೆಂಬರ್ 12ರ ಬೆಲೆ ಖಂಡಿತ ಕಡಿಮೆ ಇರುತ್ತಿತ್ತು, ಯಾಕೆಂದರೆ ಕೊನೆಯ ಆ ದುಬಾರಿ ಸ್ಥಾವರಗಳ ತನಕ ಹೋಗಬೇಕಾಗುತ್ತಿರಲಿಲ್ಲ. ಆದರೆ 70 ಗಿಗಾವಾಟ್ ಗಾಳಿ ಬಿದ್ದ ತೂತನ್ನು ನಾಲ್ಕು ಗಿಗಾವಾಟ್ ತುಂಬುವುದಿಲ್ಲ. ಎರಡೂ ಮಾತು ನಿಜ. ಅಲ್ಲಿನ ಟೀವಿ ಚರ್ಚೆಗಳಲ್ಲಿ ಒಬ್ಬೊಬ್ಬರು ಒಂದೊಂದನ್ನೇ ಹೇಳುತ್ತಾರೆ.

ಹಿಂದಿನ ಸಾಲಿನಿಂದ ರೈತರೊಬ್ಬರು ಎದ್ದು ನಿಂತರು. "ಹಂಗಾದ್ರ ಈ ಫ್ಯಾನು ಹಾಕಿದ್ದು ತಪ್ಪೇನ್ರಿ?"

ಅಲ್ಲವೇ ಅಲ್ಲ. ಡಿಸೆಂಬರ್ 12ರ ಕಥೆ ಹೇಳಿದವನು ಜನವರಿ 2ರ ಕಥೆಯನ್ನೂ ಹೇಳಬೇಕು. ಮೂರೇ ವಾರ ಕಳೆದಿತ್ತು. ಗಾಳಿ ಮರಳಿತ್ತು. ಅದೇ ಬಯಲು, ಅದೇ ಫ್ಯಾನುಗಳು, ಕಿವಿ ತುಂಬುವಷ್ಟು ಸದ್ದು ಮಾಡಿಕೊಂಡು ತಿರುಗುತ್ತಿದ್ದವು. ಆವತ್ತು ಕೆಲವು ಗಂಟೆ ಕರೆಂಟಿನ ಬೆಲೆ ಸೊನ್ನೆಗಿಂತ ಕೆಳಗೆ ಇಳಿಯಿತು, ಅಂದರೆ ದುಡ್ಡು ಕೊಟ್ಟು ಕರೆಂಟು ಕಳಿಸಬೇಕಾಯಿತು. ಆ ದೇಶದ ಕರೆಂಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಈಗ ಗಾಳಿ, ಬಿಸಿಲು, ನೀರು, ಜೈವಿಕ ಇಂಧನದಿಂದಲೇ ಬರುತ್ತದೆ. ಅಷ್ಟು ಕಲ್ಲಿದ್ದಲು ಉರಿಯುವುದು ಉಳಿದಿದೆ. ಗಾಳಿ ಬಂದಾಗ ತೂರಿಕೊಂಡಿದ್ದಾರೆ, ಸರಿಯಾಗಿಯೇ ಮಾಡಿದ್ದಾರೆ. ತೂರಿದ್ದನ್ನು ತುಂಬಿಡುವ ಕೆಲಸ ಬಾಕಿ ಇದೆ.

ಸಭೆ ಮುಗಿದು ಕುರ್ಚಿ ಎತ್ತುವಾಗ ಅದೇ ರೈತರು ಹತ್ತಿರ ಬಂದರು. ಅವರ ಮನೆಯ ಹಗೇವು ಇನ್ನೂ ಇದೆಯಂತೆ, ಮೇಲೆ ಫರಸಿಕಲ್ಲು ಹಾಸಿದ್ದಾರಂತೆ. "ಮೂವತ್ತು ಚೀಲದ್ದು ಐತ್ರಿ ನಮ್ಮದು," ಅಂದರು. "ಒಂದು ಮಳಿ ಹೋದ್ರೂ ನಡೀತಿತ್ತು. ಎರಡು ಹೋದ್ರ ಸಾಲ್ತಿರ್ಲಿಲ್ಲ. ನಮ್ಮಪ್ಪ ಅದಕ್ಕಂತನ ಇನ್ನೊಂದು ತೆಗೆಸಿದ." ಆ ಎರಡನೆಯದು ಎಷ್ಟು ಸಲ ಬಿಚ್ಚಬೇಕಾಯಿತು ಎಂದು ಕೇಳಿದೆ. ಬೆರಳು ಮಡಚಿ ಎಣಿಸಿದರು. "ನನಗ ತಿಳುವಳಿಕಿ ಬಂದಮ್ಯಾಲ ಎರಡ ಸಲ. ಆದ್ರ ತುಂಬಿದ್ದು ಪ್ರತಿ ವರ್ಷ."